ಮಂಚದ ಮೇಲಿನ ದೋಣಿವಿಹಾರ

ದೂರದ ಜೌಗುನಾಡಿನ ರಾಷ್ಟ್ರೀಯ ಉದ್ಯಾನವೊಂದನ್ನು ಒಮ್ಮೆಯಾದರೂ ನೋಡಬೇಕೆಂಬ ಹುಚ್ಚು ಡ್ರೈವಿಂಗ್ ಸ್ಕೂಲ್ ಮೇಷ್ಟ್ರಿಗೆ ಹಿಡಿದು ವರ್ಷಗಳೇ ಆಗಿದ್ದವು. ಈ ಸಲ ರಜೆಯೇನೋ ಸಿಕ್ಕಿತು, ತಲೆ ಮಾತ್ರ ಕಲಸುಮೇಲೋಗರವಾಯಿತು. ಅಲ್ಲಿ ಬೇಸಿಗೆಯಲ್ಲಿ ಮಳೆಯಂತೆ, ಚಳಿಗಾಲದಲ್ಲಿ ಒಣ ಹವೆಯಂತೆ. ಒಣ ದಿನಗಳಲ್ಲಿ ಹೋದರೆ ನಾವು ಪ್ರಾಣಿಗಳನ್ನು ನೋಡಬಹುದಂತೆ, ಮಳೆಯಲ್ಲಿ ಹೋದರೆ ಸೊಳ್ಳೆಗಳು ನಮ್ಮನ್ನು ನೋಡಿಕೊಳ್ಳುತ್ತವಂತೆ.

“ನೀರು ನೋಡೋಕೆ ಅಂತ ಹೋಗೋರು ನೀರು ಒಣಗಿದ ಮೇಲೆ ಹೋಗ್ತಾರಾ?” ಎಂದಳು ಹೆಂಡತಿ.

“ನೀರು ಕಡಿಮೆಯಾದಾಗ್ಲೇ ಕಣೇ, ಪ್ರಾಣಿಗಳೆಲ್ಲ ಇರೋ ನೀರಿನ ಹತ್ರ ಬಂದು ಸೇರೋದು.”

“ಮೊಸಳೇನೂ?”

“ಮೊಸಳೇನೂ!”

“ಹಸಿದಿರತ್ತಾ?”

ಮೇಷ್ಟ್ರು ಅಷ್ಟು ದೂರ ಯೋಚಿಸಿರಲಿಲ್ಲ.

ಮೊಸಳೆಗಿಂತ ದೊಡ್ಡ ತೊಡಕು ದೋಣಿಯದು. ಅಲ್ಲಿ ಸುತ್ತಾಡಲು ದೋಣಿಯೇ ಗತಿ; ಕಾದಿರಿಸಲು ಉಳಿದಿದ್ದದ್ದು ಒಂದೇ ದೋಣಿ, ಅದರಲ್ಲಿ ಮೂವರಿಗೆ ಜಾಗ. ಮನೆಯಲ್ಲಿ ನಾಲ್ವರು: ಮೇಷ್ಟ್ರು, ಹೆಂಡತಿ, ಕಾಲೇಜಿನ ಮಗಳು ಮತ್ತು ನಾಲ್ಕು ದಿನ ಇದ್ದು ಹೋಗಲು ಬಂದು, ಹೋಗುವುದನ್ನು ಮರೆತಿದ್ದ ಅತ್ತೆ. ಅತ್ತೆಯನ್ನು ಬಿಟ್ಟು ಹೋಗೋಣ ಎಂದರೆ ಸಂಸಾರದ ದೋಣಿಯೇ ಮುಳುಗೀತು. ಆಗ ಮೇಷ್ಟ್ರಿಗೆ ಮಹೋಪಾಯವೊಂದು ಹೊಳೆಯಿತು.

“ಅಲ್ಲಿ ಯಾರೂ ತುಟಿ ಪಿಟಕ್ಕೆನ್ನಬಾರದು, ಹಕ್ಕಿ ಹಾರಿಹೋಗತ್ತೆ. ಇಲ್ಲೇ ಅಭ್ಯಾಸ ಮಾಡೋಣ. ಯಾರು ಮೊದಲು ಮಾತಾಡ್ತಾರೋ ಅವರು ಮನೇಲಿ!” ಎಂದು ಘೋಷಿಸಿದರು. (ಅತ್ತೆಯ ಬಾಯಿ ನಿದ್ದೆಯಲ್ಲೂ ಬಿಡುವು ಪಡೆದಿದ್ದನ್ನು ಕಂಡವರಿಲ್ಲ.)

ಮಂಚವೇ ದೋಣಿಯಾಯಿತು. ಮುಂದುಗಡೆ ಅತ್ತೆ, ಕೈಯಲ್ಲಿ ಹುಟ್ಟಿನ ಬದಲು ಕೊಡೆ. ಹಿಂದೆ ತಾಯಿ ಮಗಳು, ಕೊನೆಯಲ್ಲಿ ಮೇಷ್ಟ್ರು. ಅತ್ತೆ ಈಗ ಬಾಯಿ ಬಿಡುತ್ತಾರೆ, ಇನ್ನೇನು ಬಿಟ್ಟರು ಎಂದು ಅವರು ಕಾದರು. ಅತ್ತೆ ಬಾಯಿ ಬಿಡಲಿಲ್ಲ. ಬದಲಿಗೆ ಹುಟ್ಟು ಹಾಕತೊಡಗಿದರು, ಅದೂ ಬರೀ ಬಲಗಡೆಗೆ.

ಬಲಗಡೆಗೇ ಹಾಕಿದರೆ ದೋಣಿ ಎಡಕ್ಕೆ ತಿರುಗುತ್ತದೆ. ಎಡಕ್ಕೆ ಬೀರು ಇದೆ. ಕಲಿಯುವವರ ಪಕ್ಕ ಕೂತು ‘ಎಡಕ್ಕೆ, ಬಲಕ್ಕೆ, ನಿಧಾನ’ ಎಂದು ಕೂಗಿಯೇ ಅನ್ನ ದುಡಿದ ಗಂಟಲು ಮೇಷ್ಟ್ರದು, ಒಳಗೊಳಗೇ ಕುದಿಯಿತು. ಅತ್ತೆ ಒಮ್ಮೆ ಹಿಂತಿರುಗಿ ಅಳಿಯನನ್ನು ನೋಡಿದರು, ನಕ್ಕರು, ಮತ್ತೆ ಬಲಕ್ಕೇ ಹಾಕಿದರು, ಇನ್ನೂ ಜೋರಾಗಿ. ಮೇಷ್ಟ್ರಿಗೆ ಮಂಚ ತಿರುಗಿತೋ, ತಲೆ ತಿರುಗಿತೋ ತಿಳಿಯಲಿಲ್ಲ. ಬೀರುವಿನ ಕನ್ನಡಿ ಮೈಮೇಲೆ ಬಂದಂತಾಯಿತು.

“ಅತ್ತೇ, ಬ್ರೇಕ್! ಬ್ರೇಕ್ ಒತ್ತೀ!”

ಕೂಗಿದ್ದು ಯಾರೆಂದು ಮೇಷ್ಟ್ರು ಒಬ್ಬೊಬ್ಬರ ಮುಖವನ್ನೂ ನೋಡಿದರು. ಮೂವರೂ ಅವರನ್ನೇ ನೋಡುತ್ತಿದ್ದರು. ಅವರ ಬಲಗಾಲು ದಿಂಬನ್ನು ಒತ್ತಿ ಹಿಡಿದಿತ್ತು.

“ಸದ್ಯ ರೀ, ಯಾರನ್ನ ಬಿಡೋದು ಅಂತ ನಂಗೂ ಒಂದೇ ಯೋಚನೆಯಾಗಿತ್ತು,” ಎಂದಳು ಹೆಂಡತಿ, ಮಂಚದಿಂದ ಇಳಿಯುತ್ತ.

“ಅಲ್ಲ ಕಣೇ, ಹೋಗ್ಬೇಕು ಅಂತ ಇದ್ದೋನು ನಾನಲ್ವಾ?” ಎಂದರು ಮೇಷ್ಟ್ರು. ಅವರಿಗೆ ನಿಜವಾಗಿಯೂ ಅಳು ಬಂದಿತ್ತು.

ಅತ್ತೆ ಕೊಡೆ ಮಡಿಸಿ, ಅಷ್ಟು ಹೊತ್ತು ಕಟ್ಟಿಟ್ಟಿದ್ದ ಬಾಯನ್ನು ಆಗ ಬಿಚ್ಚಿದರು.

“ಮನಸ್ಸಿಗೆ ಹಚ್ಕೋಬೇಡಿ ಅಳಿಯಂದ್ರೇ. ದೋಣೀಲಿ ಬ್ರೇಕ್ ಎಲ್ಲಿರತ್ತೆ ಅಂತ ಕೇಳ್ಕೊಂಡು ಬಂದು ಹೇಳ್ತೀನಿ.”