ನಾಲ್ಕು ಕವಡೆ, ಹದಿನಾರು ತರ

ನಮ್ಮ ಸೋದರತ್ತೆಗೆ ಮುಂದೆ ಆಗುವುದೆಲ್ಲ ಗೊತ್ತಿತ್ತು! ನಗಬೇಡಿ. ಆಗದೇ ಇರುವುದೂ ಗೊತ್ತಿತ್ತು. ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂಬುದಷ್ಟೇ ಅವಳಿಗೂ ತಿಳಿಯುತ್ತಿರಲಿಲ್ಲ.

ಹೊಳೆನರಸೀಪುರದ ನಮ್ಮ ಮನೆಯಲ್ಲಿ ಚೌಕಾಬಾರಕ್ಕೆ ಕೂತರೆ ಅಪ್ಪ ಕವಡೆಗಳನ್ನು ಕಣ್ಣಿಗೊತ್ತಿಕೊಂಡು, ಶಿವನನ್ನು ನೆನೆದು, ಎಂಟು ಬೀಳಲೆಂದು ಎಸೆಯುವರು. ನಾಲ್ಕೂ ಬೋರಲು ಬಿದ್ದರೆ ತಾನೆ ಎಂಟು? ಬೀಳುತ್ತಿದ್ದುದು ಎರಡು!

“ಅಣ್ಣಾ, ನಾಕು ಕವಡೆ ಬೀಳಾದು ಅದಿನಾರು ತರ. ನಿಂಗೆ ಬೇಕಾದ ಎಂಟು ಅದ್ರಲ್ಲಿ ಒಂದೇ ತರ. ಎರಡು ಬೀಳಾಕೆ ಆರು ತರ ಐತೆ” ಎಂದಳು ಅತ್ತೆ.

“ಆರು ಎಲ್ಲಿಂದ ಬತ್ತದಮ್ಮಿ? ಎರಡು ಅಂದ್ರೆ ಎರಡೇ!”

ಅತ್ತೆ ಒಳಗೆ ಹೋಗಿ ಒಂದು ಕವಡೆಗೆ ಕುಂಕುಮ, ಒಂದಕ್ಕೆ ಅರಿಸಿನ, ಇನ್ನೊಂದಕ್ಕೆ ಕಾಡಿಗೆ ಬಳಿದು ತಂದಳು. ನಾಲ್ಕನೆಯದು ಬೋಳು. ಎರಡೆರಡನ್ನೇ ಮೇಲ್ಮುಖ ಮಾಡಿ ಜೋಡಿಸಿದಳು. “ಕೆಂಪು-ಅಳದಿ, ಕೆಂಪು-ಕಪ್ಪು, ಕೆಂಪು-ಬೋಳು. ಅಳದಿ-ಕಪ್ಪು, ಅಳದಿ-ಬೋಳು. ಕಪ್ಪು-ಬೋಳು. ಆರಾಯ್ತಾ?”

ನಾವೆಲ್ಲ ಬಾಯಿ ಬಿಟ್ಟುಕೊಂಡು ನೋಡಿದೆವು. ದಿನವೂ ಕೈಯಲ್ಲಿ ಉರುಳುವ ಕವಡೆಗಳ ಹೊಟ್ಟೆಯಲ್ಲಿ ಇಷ್ಟೆಲ್ಲ ಅಡಗಿತ್ತೇ!

ಅಪ್ಪ ಸೋಲೊಪ್ಪಲಿಲ್ಲ. “ದೇವ್ರು ಮನಸ್ಸು ಮಾಡಿ ಎಂಟು ಕೊಟ್ರೆ?”

“ಕೊಟ್ರೂ ಆ ಅದಿನಾರರ ಒಳಗಿಂದ್ಲೇ ಕೊಡ್ಬೇಕು ಕಣಣ್ಣಾ!”

ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಹೊಗೆಯಿಂದ ಓಡುತ್ತಿದ್ದವು. ಹಿರೀಸಾವೆಯ ಮದುವೆಗೆ ಹೊರಟಾಗ ಅತ್ತೆ ಒಂದು ಗಂಟು ರೊಟ್ಟಿ ಕಟ್ಟಿದಳು. “ಮದುವೆ ಊಟಕ್ಕೆ ಬುತ್ತಿಯೇ?” ಎಂದು ಅಮ್ಮ ನಕ್ಕಳು.

“ಬಸ್ಸು ಬರ್ದೇ ಇರ್ಬೌದು. ಬಂದ್ರೂ ಜಾಗ ಇಲ್ದೇ ಇರ್ಬೌದು. ಅತ್ತಿದ್ರೂ ದಾರೀಲಿ ಕೆಡ್ಬೌದು. ಇಲ್ಲಾ, ನೆಟ್ಟಗೆ ಓಗಿ ಸೇರ್ಬೌದು. ನಾಕ್ರಲ್ಲಿ ಮೂರಕ್ಕೆ ರೊಟ್ಟಿ ಬೇಕು!”

ಚನ್ನರಾಯಪಟ್ಟಣ ಸೇರುವ ಮೊದಲೇ ಒಂದು ದಿಣ್ಣೆಯಲ್ಲಿ ಬಸ್ಸು ಕೆಮ್ಮಿ ನಿಂತಿತು. ಅಪ್ಪ ಅತ್ತೆಯ ಲೆಕ್ಕವನ್ನು ಬಸ್ಸಿಗೆಲ್ಲ ಕೇಳುವಂತೆ ಹೇಳಿದರು. ಅಣಕಿಸಿದ್ದ ಅಮ್ಮನೇ ಮೊದಲು ಕೈಚಾಚಿದಳು. ಕಂಡಕ್ಟರಂತೂ ಮಸಿಗೈಯನ್ನು ಬೆನ್ನ ಹಿಂದೆ ಒರೆಸಿಕೊಳ್ಳುತ್ತ ಬಂದ. “ಅಮ್ಮಾರೇ, ಆ ಮೂರರಲ್ಲಿ ನಂದೂ ಒಂದು ಸೇರ್ಸಿದ್ರಾ?”

ಮರುವರ್ಷ ನಾನು ಚೊಚ್ಚಲ ಹೆರಿಗೆಗೆ ತವರಿಗೆ ಬಂದೆ. ನೋವು ಶುರುವಾಗಿ ಮಾರನೆಯ ಮಧ್ಯಾಹ್ನವಾದರೂ ಮಗು ಬರಲಿಲ್ಲ. ಸೂಲಗಿತ್ತಿ ಅತ್ತೆಯನ್ನು ಬಾಗಿಲಾಚೆ ಕರೆದು ಏನೋ ಪಿಸುಗುಟ್ಟಿದಳು. ಅತ್ತೆ ಒಳಗೆ ಬಂದು ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

“ಅತ್ತೆ, ಮುಚ್ಚಿಡಬ್ಯಾಡ. ಎಷ್ಟು ತರ ಆಗ್ಬೌದು?”

“ಒಂದೇ ತರ ಕಣವ್ವ. ನೀನೂ ಇರ್ತೀಯ, ಕೂಸೂ ಇರ್ತದೆ. ಬ್ಯಾರೆ ತರವೇ ಇಲ್ಲ.”

ನಾನು ನಂಬಿದೆ. ಅತ್ತೆಯ ಲೆಕ್ಕ ಎಂದಾದರೂ ತಪ್ಪಿತ್ತೇ! ಹಲ್ಲು ಕಚ್ಚಿ ತಿಣುಕಿದೆ. ಸಂಜೆಗೆ ಮಗಳು ಹುಟ್ಟಿ ಕಿಟಾರನೆ ಕಿರುಚಿದಳು.

ಕೂಸನ್ನು ಎತ್ತಿಕೊಳ್ಳಲು ಅತ್ತೆಯನ್ನು ಕರೆದರೆ ಅವಳು ಅಲ್ಲಿರಲಿಲ್ಲ. ಹಿತ್ತಿಲ ಮೆಟ್ಟಿಲ ಮೇಲೆ ಕೂತು, ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದಳಂತೆ.

ಎಣಿಸುವುದು ಈಗ ನನಗೂ ಬರುತ್ತದೆ. ಅಂದು ನಾಲ್ಕು ತರವಿತ್ತು. ಮೂರನ್ನು ಅವಳೊಬ್ಬಳೇ ನುಂಗಿಕೊಂಡು ನನ್ನ ತಲೆ ಸವರುತ್ತಿದ್ದಳು.