ಪಾಸ್‌ವರ್ಡ್ ನಿಲ್ಲಿಸಿದ ಮರುದಿನ ಖಾನಾಪುರದಿಂದ ಬಾಗಿಲು ಬಡಿದವನ ಅಹವಾಲು

ಉದ್ಯಮಬಾಗದ ನಮ್ಮ ಎರಕದ ಕಾರ್ಖಾನೆಯ ಮಾಳಿಗೆ ಕೋಣೆಯಲ್ಲಿ, ನಮಗಾರಿಗೂ ದಕ್ಕದ ಎ.ಸಿ.ಯ ತಂಪಿನಲ್ಲಿ ಹಗಲಿರುಳು ದುಡಿಯುತ್ತಿರುವ ಸರ್ವರ್ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ಅನಗೋಳದ ನಿವಾಸಿಯೂ ತಮ್ಮ ಏಕೈಕ ಉಸ್ತುವಾರಿಯೂ ಆದ ಈರಯ್ಯನ ಅನಂತ ಶರಣುಗಳು. ಕಳೆದ ಭಾನುವಾರ ತಾವು ನನ್ನನ್ನು ಗುರುತಿಸಲು ನಿರಾಕರಿಸಿದ್ದರ ಬಗ್ಗೆ ದೂರು ಸಲ್ಲಿಸಲು ಕುಳಿತಿದ್ದೇನೆ. ಬರೆಯುತ್ತ ಹೋದಂತೆ ತಪ್ಪು ಯಾರ ಕಡೆಗೆ ವಾಲೀತೋ ಎಂಬ ಅಳುಕಿದೆಯಾದರೂ, ದೂರು ಕೊಡುವುದು ನೌಕರನ ಹಕ್ಕಾದ್ದರಿಂದ ಮುಂದುವರಿಯುತ್ತೇನೆ.

ಎಲ್ಲೆಲ್ಲಿಯೋ ಕುಳಿತ ಅಪರಿಚಿತರು ದಿನಕ್ಕೆ ಸಾವಿರಾರು ಸಲ ಪಾಸ್‌ವರ್ಡ್ ಊಹಿಸಿ ತಮ್ಮ ಬಾಗಿಲು ತಟ್ಟುತ್ತಿದ್ದುದನ್ನು ತಾವೇ ದಾಖಲಿಸಿಟ್ಟಿದ್ದಿರಿ. ನಮ್ಮ ಪಾಸ್‌ವರ್ಡಾದರೋ ಕಾರ್ಖಾನೆಯ ಹೆಸರಿನ ಮುಂದೆ ಒಂದು ಎರಡು ಮೂರು ಎಂದಿದ್ದು, ಪ್ರಯೋಗಾಲಯದ ಕ್ಯಾಲೆಂಡರಿನಲ್ಲಿ ಏಕಾದಶಿಯ ಪಕ್ಕದಲ್ಲೇ ಬರೆದಿತ್ತು. ಆದ್ದರಿಂದ ಶನಿವಾರ ನಾನು ಕೀಲಿಕೈ ಪದ್ಧತಿಯನ್ನು ಜಾರಿಗೆ ತಂದೆ. ಇದರಲ್ಲಿ ಜೋಡಿ ಕೀಲಿಕೈಗಳಿರುತ್ತವೆ. ಗುಟ್ಟಿನದು ನನ್ನ ಲ್ಯಾಪ್‌ಟಾಪಿನಲ್ಲೇ ಇರಬೇಕು, ಬಹಿರಂಗದ್ದನ್ನು ತಮ್ಮ ಬಳಿ ಕೊಟ್ಟಿಡಬೇಕು, ಎರಡೂ ಹೊಂದಿದರೆ ತಾವು ಪಾಸ್‌ವರ್ಡ್ ಕೇಳದೆ ಒಳಗೆ ಬಿಡುತ್ತೀರಿ. ಕೊಟ್ಟಿಟ್ಟೆ. ಆ ಕೂಡಲೇ, ಇನ್ನು ಮುಂದೆ ಪಾಸ್‌ವರ್ಡ್ ಹೇಳಿ ಯಾರೂ ಬರಕೂಡದೆಂದು ಆಜ್ಞೆಯನ್ನೂ ಹೊರಡಿಸಿದೆ. ಒಮ್ಮೆ ಹೊರಗೆ ಹೋಗಿ ಕೀಲಿಕೈ ಹಿಡಿದು ಬಂದು ನೋಡಬೇಕೆಂದು ನನಗೆ ತೋಚಲಿಲ್ಲ. ಮೊದಲೇ ಒಳಗಿದ್ದವನಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಭದ್ರತೆಯ ಹುರುಪಿನಲ್ಲಿ ತಮ್ಮ ಕೋಣೆಗೂ ಬೀಗ ಜಡಿದು, ಆ ಕಬ್ಬಿಣದ ಕೀಲಿಕೈಯನ್ನೂ ಜೇಬಿಗಿಳಿಸಿ ಮನೆಗೆ ಹೋದೆ.

ಮರುದಿನ ಖಾನಾಪುರದಲ್ಲಿ ನನ್ನ ನಾದಿನಿಯ ಮಗುವಿಗೆ ತೊಟ್ಟಿಲ ಕಾರ್ಯಕ್ರಮ. ಲ್ಯಾಪ್‌ಟಾಪ್ ಯಾಕೆಂದು ಹೆಂಡತಿ ನೀಲಾ ಕೇಳಿದಾಗ ಕೆಲಸ ಬರಬಹುದೆಂದೆ; ನಿಜವಾಗಿ, ಪಾಸ್‌ವರ್ಡೇ ಇಲ್ಲದೆ ಕಾರ್ಖಾನೆಯೊಳಗೆ ಹೋಗುವುದನ್ನು ಅವಳ ತಮ್ಮ ಅಮರನಿಗೆ ತೋರಿಸಿ ಬೆರಗುಗೊಳಿಸುವ ಆಸೆಯಿತ್ತು. ಹೆಂಗಸರು ಜೋಗುಳಕ್ಕೆ ದನಿ ತೆಗೆಯುವ ಹೊತ್ತಿಗೆ ಪ್ರಯೋಗಾಲಯದ ಪೂರ್ಣಿಮಾ ಫೋನು ಮಾಡಿದರು. ಟ್ರ್ಯಾಕ್ಟರಿನ ಬ್ರೇಕಿಗೆ ಹೋಗುವ ಡ್ರಮ್ಮುಗಳಲ್ಲಿ ಒಂದು ಎರಕದ, ಅಂದರೆ ಒಂದೇ ಸಲ ಕರಗಿಸಿ ಹೊಯ್ದ ಕಬ್ಬಿಣದ, ಮಾದರಿ ಪರೀಕ್ಷೆಯಲ್ಲಿ ಅರ್ಧ ಭಾರಕ್ಕೇ ಬಿರಿದಿತ್ತಂತೆ. ಆ ಎರಕದ ಡ್ರಮ್ಮುಗಳು ಆಗಲೇ ಪೆಟ್ಟಿಗೆ ಸೇರಿ ಲಾರಿ ಏರಿದ್ದವು. ಯಾವ ಪೆಟ್ಟಿಗೆಯಲ್ಲಿ ಯಾವ ಎರಕದವು ಎಂಬ ಪಟ್ಟಿ ಇದ್ದುದು ತಮ್ಮ ಹೊಟ್ಟೆಯಲ್ಲಿ.

"ಈರಯ್ಯ ಅವರ, ಪಾಸ್‌ವರ್ಡ್ ತಗೋವಲ್ದರಿ. ಡ್ರೈವರ್ ಗಾಡಿ ಚಾಲೂ ಮಾಡ್ಯಾನ," ಎಂದರು.

ಅವರಿಗೆ ಕೀಲಿಕೈ ಮಾಡಿಕೊಡಬೇಕಿತ್ತೆಂಬುದು ನನಗೆ ಆಗ ನೆನಪಾಯಿತು. ನಾನೇ ನೋಡಿ ಹೇಳುತ್ತೇನೆಂದು ಗತ್ತಿನಿಂದ ಲ್ಯಾಪ್‌ಟಾಪ್ ತೆರೆದೆ. ಅನುಮತಿ ಇಲ್ಲವೆಂದಿರಿ. ಮತ್ತೆ ಕೇಳಿದೆ. ಇಲ್ಲವೆಂದಿರಿ. ಲೆಕ್ಕ ತಪ್ಪುವವರೆಗೆ ಕೇಳುತ್ತಲೇ ಹೋದೆ. ಯಾವನೋ ರೈತ ಇಳಿಜಾರಿನಲ್ಲಿ ಬ್ರೇಕು ತುಳಿಯುವುದು ಕಣ್ಣಿಗೆ ಕಟ್ಟಿತು. ಹಿಂದೆ ನಿಂತಿದ್ದ ಅಮರ ನಿಜವಾಗಿಯೂ ಬೆರಗಾಗಿದ್ದ. ಉಡುಗೊರೆಯ ಕುಬಸದ ಬಟ್ಟೆ ಹಿಡಿದು ಬಂದ ನೀಲಾ ನನ್ನ ಮುಖ ನೋಡಿ ತಣ್ಣಗೆ ಕೇಳಿದಳು: "ನೀವ ಕಾಯೂ ಮಷಿನ್ ನಿಮ್ಮನ್ನ ಒಳಗ ಬಿಡವಲ್ದೇನ್ರಿ?"

ಮಾನ್ಯರೇ, ಈ ಪ್ರಶ್ನೆಗೆ ಉತ್ತರ ಕೊಡುವ ಭಾರವನ್ನು ತಾವು ನನಗೊಬ್ಬನಿಗೇ ಬಿಟ್ಟಿರಿ.

ಗಾಡಿ ಬಿಡಬೇಡಿ ಎಂದು ಪೂರ್ಣಿಮಾಗೆ ಹೇಳಿ, ಅಮರನ ಬೈಕಿನಲ್ಲಿ ಹೊರಟೆ. ರೇಷ್ಮೆಯ ಅಂಗಿಯಲ್ಲಿ, ಕೊರಳಲ್ಲಿ ಲ್ಯಾಪ್‌ಟಾಪಿನ ಚೀಲ ತೂಗುಬಿಟ್ಟುಕೊಂಡು ಬಂದ ನನ್ನನ್ನು ಪೀರನವಾಡಿಯಲ್ಲಿ ದಾಟುತ್ತಿದ್ದ ಕುರಿಗಳು ಸಾವಕಾಶವಾಗಿ ನೋಡಿಕೊಂಡು ಹೋದವು. ಕಾರ್ಖಾನೆ ಮುಟ್ಟಿದವನೇ ಮಾಳಿಗೆ ಏರಿ ಬೀಗ ತೆಗೆದು, ತಮ್ಮೆದುರೇ ಕೀಬೋರ್ಡು ಇಟ್ಟುಕೊಂಡು, ನನ್ನ ಆಜ್ಞೆ ನೆಟ್‌ವರ್ಕಿನ ಮೂಲಕ ಬರುವವರಿಗಷ್ಟೇ ಆದ್ದರಿಂದ ಹಳೆಯ ಪಾಸ್‌ವರ್ಡಿನಿಂದಲೇ ಪಟ್ಟಿ ಹೊರತೆಗೆದು ಕೆಳಗೆ ಓಡಿದೆ.

ಅಲ್ಲಿ ಲಾರಿ ಖಾಲಿ ನಿಂತಿತ್ತು. ಮಾಲೀಕರು ಊರಲ್ಲಿಲ್ಲದಿದ್ದರೂ ಪೂರ್ಣಿಮಾ ತಮ್ಮ ಜವಾಬ್ದಾರಿಯ ಮೇಲೆಯೇ ಡ್ರೈವರಿನಿಂದ ಲಾರಿಯ ಚಾವಿ ಇಸಿದುಕೊಂಡು, ಆರು ಮಂದಿ ಹಮಾಲರಿಂದ ಇಪ್ಪತ್ತೆರಡು ಪೆಟ್ಟಿಗೆಗಳನ್ನೂ ಇಳಿಸಿ ಒಡೆಸಿ, ಪ್ರತಿ ಡ್ರಮ್ಮಿನ ಮೈಮೇಲೆ ಉಬ್ಬಿ ಮೂಡಿರುವ ಎರಕದ ನಂಬರನ್ನು ಬೆರಳಿನಿಂದ ಧೂಳು ಒರೆಸಿ ಓದಿದ್ದರು. ಕೆಟ್ಟವು ಹದಿನೇಳು, ಪ್ರತ್ಯೇಕವಾಗಿ ಸಾಲಾಗಿ ಕುಳಿತಿದ್ದವು. ನನ್ನ ಪಟ್ಟಿಯಲ್ಲೂ ಹದಿನೇಳೇ ಇದ್ದವೆಂಬುದು ಅಂದು ನನ್ನಿಂದ ಕಾರ್ಖಾನೆಗಾದ ಒಟ್ಟು ಉಪಕಾರ. ಬೈಗುಳಕ್ಕೆ ಸಿದ್ಧನಾಗಿ ನಿಂತೆ. ಅವರು ಕಪ್ಪಾದ ಕೈ ಒರೆಸಿಕೊಳ್ಳುತ್ತ ಇಷ್ಟೇ ಹೇಳಿದರು: "ಬಾಗಲಾ ಹಾಕೂಕಿಂತ ಮೊದಲ, ಹೊರಗ ಯಾರ ಉಳದಾರ ಒಮ್ಮೆ ನೋಡ್ರಿ." ಬೈದಿದ್ದರೆ ಚೆನ್ನಾಗಿತ್ತು.

ತಾವು ನನ್ನನ್ನು ತಡೆದ ಕಾರಣ ಸೋಮವಾರ ಸಿಕ್ಕಿತು. ಫೈಲು ಇಡಲು ಬರುತ್ತಿಲ್ಲವೆಂದು ಎಲ್ಲರೂ ಗೊಣಗಿದಾಗ, ತಮ್ಮಲ್ಲಿರುವ ನನ್ನ ಕಪಾಟನ್ನು, ಅಂದರೆ ಫೋಲ್ಡರನ್ನು, ಯಾರು ಬೇಕಾದರೂ ತಿದ್ದಬಹುದೆಂದು ವರ್ಷದ ಹಿಂದೆಯೇ ನಾನೇ ತೆರೆದುಬಿಟ್ಟಿದ್ದೆ. ನಾನು ಕೊಟ್ಟಿಟ್ಟ ಬಹಿರಂಗ ಕೀಲಿಕೈ ಇದ್ದುದೂ ಅದರಲ್ಲೇ; ಎಲ್ಲರ ಕೈಗೆಟಕುವ ಕಪಾಟಿನೊಳಗಿನ ಕೀಲಿಕೈಯನ್ನು ನಂಬಲಾರೆನೆಂದು ತಾವು ಹಟ ಹಿಡಿದಿದ್ದಿರಿ. ತಮ್ಮ ನಿಷ್ಠೆಗೆ ತಲೆಬಾಗುತ್ತೇನೆ. ಆದರೆ ಕಾರಣವನ್ನು ತಮ್ಮ ದಿನಚರಿಯಲ್ಲಿ ಬರೆದುಕೊಳ್ಳುವ ಬದಲು ನನಗೊಂದು ಮಾತು ಹೇಳಬಹುದಿತ್ತು. ಕಪಾಟು ಮುಚ್ಚಿದೆ. ಪೂರ್ಣಿಮಾ ಅವರ ಕಂಪ್ಯೂಟರಿನಲ್ಲೇ ಅವರದೇ ಜೋಡಿ ಮಾಡಿಸಿದೆ. ಮೊದಲೇ ಒಳಬಂದಿದ್ದ ಹಳೆಯ ಕಿಟಕಿಯನ್ನು ಪರದೆಯ ಮೇಲೆ ತೆರೆದಿಟ್ಟುಕೊಂಡು ಹೊಸ ಕಿಟಕಿಯಿಂದ ಅವರೂ ನಾನೂ ಎರಡೆರಡು ಸಲ ಬಂದು ಹೋಗಿ ನೋಡಿದ ಮೇಲಷ್ಟೇ ಸಮಾಧಾನವಾಯಿತು.

ಇನ್ನು ನನ್ನ ಬೇಡಿಕೆ. ಮುಂದೆ ನಾನು ಯಾವ ಆಜ್ಞೆ ಹೊರಡಿಸಿದರೂ ತಾವು ಒಂದು ಚಹಾ ಕುಡಿಯುವಷ್ಟು ಹೊತ್ತು ತಡೆದು, ನನ್ನ ಮುಖದಲ್ಲಿ ಅತಿಯಾದ ಆತ್ಮವಿಶ್ವಾಸ ಕಂಡರೆ ಆಜ್ಞೆಯನ್ನು ಪಾಲಿಸದೆ ನೇರವಾಗಿ ನೀಲಾಗೆ ಫೋನು ಮಾಡತಕ್ಕದ್ದು.

ನನ್ನ ಮೇಲೆ ತಮಗಿಲ್ಲದಿದ್ದರೂ, ತಮ್ಮ ಮೇಲೆ ವಿಶ್ವಾಸವಿಟ್ಟಿರುವ,
ತಮ್ಮ ವಿಶ್ವಾಸಿ,
ಈರಯ್ಯ

ಮರೆತ ಮಾತು: ಭಾನುವಾರ ಯಾರೋ ಒಬ್ಬ ದುಷ್ಟ ಹೊರಗಿನಿಂದ, ಒಪ್ಪಿಗೆಯಿಲ್ಲದ ಕೀಲಿಕೈ ಹಿಡಿದು, ನಲವತ್ತೊಂದು ಸಲ ಒಳನುಗ್ಗಲು ಯತ್ನಿಸಿದನೆಂದು ತಾವು ಮಾಲೀಕರಾದ ಬಾಳಾಸಾಹೇಬರಿಗೆ ವರದಿ ಒಪ್ಪಿಸಿದ್ದೀರಿ. ಅವನನ್ನು ಹುಡುಕಿ ಲಿಖಿತವಾಗಿ ತಿಳಿಸಬೇಕೆಂದು ಅವರು ನನ್ನನ್ನೇ ತನಿಖೆಗೆ ನೇಮಿಸಿದ್ದಾರೆ. ಈ ಪತ್ರದ ಒಂದು ಪ್ರತಿಯನ್ನು ಅವರ ಮೇಜಿನ ಮೇಲೂ ಇಟ್ಟಿದ್ದೇನೆ.