ಮೂವರು ವಿದೇಶಿಯರ ಏಳು ಹಾಡು, ನನ್ನ ಮೈಕ್ ಸೆಟ್

ಮೈಕ್ ಸೆಟ್ ಇಟ್ಟುಕೊಂಡವನ ಬಾಳಿನಲ್ಲಿ ಫಜೀತಿಗೆ ಬರಗಾಲವಿಲ್ಲ. ಎರಡು ಹಾರ್ನ್, ಒಂದು ಆಂಪ್ಲಿಫೈಯರ್ ಹಿಡಿದು ಹೊರಟರೆ ಸಾಕು, ಫಜೀತಿ ನಮಗಿಂತ ಮುಂಚೆ ಹೋಗಿ ಕಾದು ಕೂತಿರುತ್ತದೆ. ಎಪ್ಪತ್ತರ ದಶಕದ ಕೊನೆಯಲ್ಲಿ ಉಡುಪಿಯಲ್ಲಿ ನನ್ನದೊಂದು ಅಂಗಡಿ ಇತ್ತು. ಮದುವೆ, ಭಜನೆ, ಯಕ್ಷಗಾನ, ಎಲ್ಲದಕ್ಕೂ ನಾನೇ. ನನ್ನಷ್ಟು ಶುದ್ಧವಾದ ಸೌಂಡ್ ಕೊಡುವವರು ಮಲ್ಪೆಯಿಂದ ಕಾರ್ಕಳದವರೆಗೆ ಯಾರೂ ಇರಲಿಲ್ಲ. ಜಂಬವಲ್ಲ, ಇದ್ದದ್ದನ್ನು ಹೇಳಿದೆ.

ಆಗ ಮಣಿಪಾಲಕ್ಕೆ ಓದಲು ಬಂದಿದ್ದ ಮೂವರು ವಿದೇಶಿ ಹುಡುಗರು ಸೇರಿ ಒಂದು ರಾಕ್ ಬ್ಯಾಂಡ್ ಕಟ್ಟಿದ್ದರು. ಗಿಟಾರ್ ನುಡಿಸುತ್ತ ಹಾಡುವವನು ಮಲೇಷ್ಯಾದವನು, ಬೇಸ್ ಗಿಟಾರಿನವನು ಮಾರಿಷಸ್‌ನವನು, ಡ್ರಮ್ಮಿನವನು ಕೀನ್ಯಾದವನು. ಸಿನಿಮಾ ಹಾಡು ಬೇಡ, ರೇಡಿಯೋದಲ್ಲಿ ಬರುವ ಇಂಗ್ಲಿಷ್ ಹಾಡೂ ಬೇಡ, ತಾವೇ ಕಟ್ಟಿದ ಏಳು ಹಾಡು ಮಾತ್ರ ಎಂಬುದು ಅವರ ಹಠ. ಊರಿಗೆ ವಾಪಸಾಗುವ ಮುಂಚೆ ಆ ಏಳನ್ನೂ ಒಂದೇ ಒಂದು ಸಲ, ಮೊದಲಿನಿಂದ ಕೊನೆಯವರೆಗೆ, ಜನ ಕೂತು ಕೇಳಬೇಕು ಎಂಬುದು ಗಿಟಾರಿನವನ ಆಸೆ. ನನ್ನ ಇಂಗ್ಲಿಷ್ 'ಮೈಕ್ ಟೆಸ್ಟಿಂಗ್' ಎನ್ನುವುದಕ್ಕಿಂತ ಸ್ವಲ್ಪವೇ ಹೆಚ್ಚಿತ್ತು. ಆದರೂ ಎದೆ ತಟ್ಟಿ, "ನಾನಿದ್ದೇನೆ, ಕೇಳಿಸಿಯೇ ಸಿದ್ಧ" ಎಂದುಬಿಟ್ಟೆ.

ರಿಪೇರಿ

ಮೊದಲ ಕಾರ್ಯಕ್ರಮ ಮಣಿಪಾಲದಲ್ಲೇ ಒಂದು ಸಭಾಂಗಣದಲ್ಲಿ. ಹಿಂದಿನ ದಿನ ಅವರು ಸಾಮಾನನ್ನೆಲ್ಲ ನನ್ನ ಅಂಗಡಿಯಲ್ಲಿ ಬಿಟ್ಟು ಹೋಗಿದ್ದರು. ಗಿಟಾರಿನ ಆಂಪ್ಲಿಫೈಯರ್ ಹಚ್ಚಿ ನೋಡುತ್ತೇನೆ, ಒಣ ತೆಂಗಿನ ಗರಿ ಎಳೆದ ಹಾಗೆ ಕರಕರ. ಪಾಪ, ಇದನ್ನು ಇಟ್ಟುಕೊಂಡು ಹೇಗೆ ನುಡಿಸುತ್ತಿದ್ದರೋ ಎಂದು ಮರುಕವಾಯಿತು. ಇಡೀ ಮಧ್ಯಾಹ್ನ ಕೂತು ಬಿಚ್ಚಿದೆ. ಒಳಗೆ ಯಾರೋ ಅಡ್ಡಾದಿಡ್ಡಿ ವೈರು ಜೋಡಿಸಿದ್ದರು. ಅದನ್ನೆಲ್ಲ ಕಿತ್ತು ಹೊಸದಾಗಿ ಬೆಸುಗೆ ಹಾಕಿದೆ. ಸೌಂಡ್ ತಿಳಿನೀರಿನಂತಾಯಿತು.

ಮರುದಿನ ಗಿಟಾರಿನವನು ಒಂದು ತಂತಿ ಮೀಟಿದ. ಮುಖ ಬಿಳುಚಿತು.

"ಏನು ಮಾಡಿದೆ ಇದಕ್ಕೆ?"

"ರಿಪೇರಿ" ಎಂದೆ ಹೆಮ್ಮೆಯಿಂದ.

ಆ ಕರಕರ ಬರಿಸಲು ಅವನು ಒಂದು ವರ್ಷ ತಿಣುಕಿದ್ದನಂತೆ! ಕಾರ್ಯಕ್ರಮ ರದ್ದಾಯಿತು, ಸಭಾಂಗಣ ಮತ್ತೆ ಸಿಗಲಿಲ್ಲ. ನಾನು ಮತ್ತೆ ಎರಡು ದಿನ ಕೂತು ಅದನ್ನು ಮೊದಲಿನ ಹಾಗೆ ಕೆಡಿಸಿಕೊಟ್ಟೆ. ಅವನು ಖುಷಿಯಿಂದ ನನ್ನನ್ನು ಅಪ್ಪಿಕೊಂಡ. ನನ್ನ ಕಸುಬಿನಲ್ಲಿ ಸಾಮಾನು ಹಾಳು ಮಾಡಿದ್ದಕ್ಕೆ ಶಹಬ್ಬಾಸ್ ಸಿಕ್ಕಿದ್ದು ಅದೊಂದೇ ಸಲ.

ಉದ್ಯಾವರದ ಮದುವೆ

ಉದ್ಯಾವರದಲ್ಲಿ ಒಂದು ಕೊಂಕಣಿ ಕ್ರಿಶ್ಚಿಯನ್ ಮದುವೆ. ಬರಬೇಕಿದ್ದ ಬ್ಯಾಂಡಿನವರು ಕೈಕೊಟ್ಟಿದ್ದರು. "ನನ್ನ ಹತ್ತಿರ ಫಾರಿನ್ ಬ್ಯಾಂಡೇ ಉಂಟು" ಎಂದೆ. ಮದುವೆ ಮನೆಯವರು ಕುಣಿದಾಡಿದರು. ಏಳು ಹಾಡಿಗೆ ಇದಕ್ಕಿಂತ ಒಳ್ಳೆಯ ಜಾಗ ಯಾವುದು?

ನಾನು ಒಂದು ಮರೆತಿದ್ದೆ. ಅಲ್ಲಿ ಒಬ್ಬೊಬ್ಬರೂ ಎದ್ದು ನವದಂಪತಿಗಳಿಗೆ ಶುಭ ಹಾರೈಸಿ ಗ್ಲಾಸ್ ಎತ್ತುತ್ತಾರೆ. ಗ್ಲಾಸ್ ಎತ್ತಿದಾಗ ಬ್ಯಾಂಡ್ ಮೊಳಗಬೇಕು, ಮಾತು ಶುರುವಾದಾಗ ನಿಲ್ಲಬೇಕು. ಮಸ್ಕತ್ತಿನಿಂದ ಬಂದ ಮಾವ ಎದ್ದರು, ಬಹರೈನಿನ ಚಿಕ್ಕಪ್ಪ ಎದ್ದರು, ಅವರಿಬ್ಬರೂ ಎದ್ದ ಮೇಲೆ ಕುವೈತಿನ ಭಾವ ಕೂತಿರುತ್ತಾರೆಯೇ? ನಮ್ಮ ಹುಡುಗರು ಮೊದಲ ಹಾಡಿನ ಮೊದಲ ಸಾಲನ್ನು ಹದಿನಾಲ್ಕು ಸಲ ಶುರು ಮಾಡಿದರು. ಎರಡನೆಯ ಸಾಲಿಗೆ ಹೋಗಲು ಯಾರೂ ಬಿಡಲಿಲ್ಲ.

ಊಟಕ್ಕೆ ಕೂತಾಗ ಮದುಮಗಳ ತಂದೆ ಬಂದು ನನ್ನ ಕೈ ಕುಲುಕಿದರು. "ಇಂಥ ಬ್ಯಾಂಡ್ ನಾನು ನೋಡಿಯೇ ಇಲ್ಲ ಮಾರಾಯ. ನಿಲ್ಲಿಸಿ ಎಂದ ಕೂಡಲೇ ನಿಲ್ಲಿಸುತ್ತಾರೆ!"

ಬೆಳ್ಮಣ್ಣಿನ ಬಹುಮಾನ

ಎಂಬತ್ತರ ದಶಕ ಬಂತು, ಏಳು ಹಾಡು ಹಾಗೆಯೇ ಉಳಿದಿತ್ತು. ಬೆಳ್ಮಣ್ಣಿನ ಒಂದು ಯುವಕ ಸಂಘದ ವಾರ್ಷಿಕೋತ್ಸವಕ್ಕೆ ಗೊತ್ತು ಮಾಡಿದೆ. ಹುಡುಗರು ಕೋಟು ಹಾಕಿಕೊಂಡು ಬಂದರು. ಅದೇ ತಪ್ಪಾಯಿತು. ಕಾರ್ಕಳದಿಂದ ಬರಬೇಕಾಗಿದ್ದ ಮುಖ್ಯ ಅತಿಥಿಗಳ ಪತ್ತೆ ಇರಲಿಲ್ಲ. ಎರಡನೆಯ ಹಾಡಿನ ನಡುವೆ ಕಾರ್ಯದರ್ಶಿ ಮೈಕಿಗೆ ಕೈಹಾಕಿ, "ಮಲೇಷ್ಯಾದಿಂದ ಬಂದ ಮಾನ್ಯರು ಈಗ ಬಹುಮಾನ ವಿತರಿಸಬೇಕಾಗಿ ವಿನಂತಿ" ಎಂದುಬಿಟ್ಟ.

ಗಿಟಾರನ್ನು ಕೊರಳಲ್ಲೇ ನೇತುಹಾಕಿಕೊಂಡು ನಮ್ಮವನು ನಿಧಾನ ಸೈಕಲ್ ಓಟ, ನಿಂಬೆಹಣ್ಣು ಚಮಚ, ಸಂಗೀತ ಕುರ್ಚಿ ಎಲ್ಲದಕ್ಕೂ ಸ್ಟೀಲ್ ಲೋಟ ಹಂಚಿದ. ಕೊನೆಗೆ ಒಂದು ಲೋಟ ಉಳಿಯಿತು. ಕಾರ್ಯದರ್ಶಿ ಸ್ವಲ್ಪ ಯೋಚಿಸಿ ಅದನ್ನು ಅವನಿಗೇ ಕೊಟ್ಟ, ಸಮಾಧಾನಕರ ಬಹುಮಾನ ಎಂದು.

ಕಾಪುವಿನ ಸಂಜೆ

ಅವರ ಓದು ಮುಗಿಯಿತು. ಗಿಟಾರಿನವನು ಮುಂದಿನ ವಾರ ಊರಿಗೆ ಹೊರಡುವವನು. ವಿದಾಯ ಹೇಳಲು ಅಂಗಡಿಗೆ ಬಂದ. ಕೊಟ್ಟ ಮಾತು ನಡೆಸಲಾಗಲಿಲ್ಲವಲ್ಲ ಎಂದು ನನಗೆ ನಿಜವಾಗಿ ನಾಚಿಕೆಯಾಯಿತು. ಆವತ್ತೇ ಕಾಪುವಿಗೆ ಓಡಿದೆ. ನನ್ನ ಪರಿಚಯದ ಭಜನಾ ಮಂಡಳಿಯ ಅಧ್ಯಕ್ಷರ ಕಾಲು ಹಿಡಿಯುವುದೊಂದು ಬಾಕಿ. ಭಾನುವಾರ ಸಂಜೆಗೆ ಮೈದಾನ ಸಿಕ್ಕಿತು.

ಐದು ಗಂಟೆಗೆ ಶುರು. ಮೈದಾನದಲ್ಲಿ ಇದ್ದದ್ದು ಹನ್ನೊಂದು ಜನ, ಎರಡು ದನ. ಆದರೂ ಹುಡುಗರು ಜೀವ ಬಿಟ್ಟು ನುಡಿಸಿದರು. ಏಳನೆಯ ಹಾಡು ಮುಗಿಸಿ ಕಣ್ಣು ತೆರೆದು ನೋಡುತ್ತಾರೆ, ಮೈದಾನ ತುಂಬಿಹೋಗಿದೆ! ಮಕ್ಕಳು, ಮುದುಕರು, ಎಲ್ಲರೂ ಚಾಪೆ ಹಾಸಿಕೊಂಡು ಕೂತಿದ್ದಾರೆ.

ಅಧ್ಯಕ್ಷರು ನನ್ನ ಹತ್ತಿರ ಬಂದರು. "ಪೀಠಿಕೆ ಗಟ್ಟಿ ಉಂಟು ಮಾರಾಯ. ಮನೆಯವರೆಗೂ ಕೇಳಿತು. ಇನ್ನು ಪ್ರಸಂಗ ಶುರು ಮಾಡಬಹುದಲ್ವಾ?"

ಆಗ ನನ್ನ ತಲೆಗೆ ಹೊಳೆಯಿತು. ನಮ್ಮಲ್ಲಿ ಯಕ್ಷಗಾನದ ಪ್ರಸಂಗಕ್ಕೆ ಮುಂಚೆ ಪೀಠಿಕೆಯೆಂದು ಚೆಂಡೆ ಬಡಿಯುವುದೇ ಜನರನ್ನು ಕರೆಯಲು. ಚೆಂಡೆ ಕೇಳಿದ ಮೇಲೆಯೇ ಜನ ಕಾಫಿ ಕುಡಿದು, ಚಾಪೆ ಸುತ್ತಿಕೊಂಡು ಮನೆಯಿಂದ ಹೊರಡುವುದು. ಅಧ್ಯಕ್ಷರ ಮಾತನ್ನು ಹುಡುಗರಿಗೆ ಇಂಗ್ಲಿಷಿನಲ್ಲಿ ಹೇಳಿದೆ: "ಎಲ್ಲ ಏಳನ್ನೂ ಮತ್ತೆ ಮೊದಲಿನಿಂದ ಕೇಳಬೇಕಂತೆ."

ನುಡಿಸಿದರು. ಮುಗಿಯಿತು. ಯಾರೂ ಏಳಲಿಲ್ಲ. ಗಿಟಾರಿನವನು ಕೈಮುಗಿದ. ಊಹೂಂ, ಒಂದು ಚಾಪೆಯೂ ಅಲುಗಲಿಲ್ಲ. ಅವನ ಕಣ್ಣು ತುಂಬಿ ಬಂತು. "ನೋಡು, ಹೋಗುವುದೇ ಇಲ್ಲ ಇವರು!" ಎಂದ. ಮೂರನೆಯ ಸಲ ಮೊದಲಿನಿಂದ ನುಡಿಸಿದ. ಆಗಲೂ ಜನ ಕದಲಲಿಲ್ಲ. ಡ್ರಮ್ಮಿನವನ ಕೈ ಮೇಲೇಳುತ್ತಿರಲಿಲ್ಲ.

ಅವರು ಏಕೆ ಕೂತಿದ್ದಾರೆಂದು ನನಗೆ ಗೊತ್ತಿತ್ತು. ಯಕ್ಷಗಾನವಾಗಲಿ, ಭಜನೆಯಾಗಲಿ, ಕೊನೆಗೆ ಮಂಗಳ ಹಾಡದೆ ಏಳುವ ಪದ್ಧತಿ ನಮ್ಮಲ್ಲಿಲ್ಲ. ಏಳು ಹಾಡಿನ ಪಟ್ಟಿಯಲ್ಲಿ ಮಂಗಳ ಎಲ್ಲಿಂದ ಬರಬೇಕು?

ಕೊನೆಗೆ ಭಜನೆಯಲ್ಲಿ ಹಾಡುವ ಒಬ್ಬ ಅಜ್ಜಿಗೆ ತಾಳ್ಮೆ ತಪ್ಪಿತು. ಸೆರಗು ಸಿಕ್ಕಿಸಿಕೊಂಡು ಸ್ಟೇಜ್ ಹತ್ತಿ, "ನಿಮಗೆ ಬಾರದಿದ್ದರೆ ನಾನು ಹೇಳುತ್ತೇನೆ, ಬಿಡಿ" ಎಂದು ಮೈಕ್ ಎಳೆದುಕೊಂಡು ಗಟ್ಟಿಯಾಗಿ ಮಂಗಳ ಹಾಡಿದರು. ಬೇಸಿನವನು ಗಾಬರಿಯಲ್ಲಿ ಶ್ರುತಿ ಹಿಡಿದ. ಹಾಡು ಮುಗಿದದ್ದೇ ತಡ, ಇಡೀ ಮೈದಾನ ಒಟ್ಟಿಗೆ ಎದ್ದು ಚಾಪೆ ಕೊಡವಿತು.

"ಆ ಅಜ್ಜಿ ಏನಂದರು?" ಎಂದು ಗಿಟಾರಿನವನು ನನ್ನ ಕೈ ಹಿಡಿದು ಕೇಳಿದ.

"ನೀನು ನಿಲ್ಲಿಸಿದರೂ ಜನ ಮನೆಗೆ ಹೋಗುವುದಿಲ್ಲ, ಅದಕ್ಕೆ ತಾನೇ ಬಂದು ಕಳುಹಿಸಬೇಕಾಯಿತು ಎಂದರು" ಎಂದೆ.

ಅವನೀಗ ಕ್ವಾಲಾಲಂಪುರದಲ್ಲಿ ದೊಡ್ಡ ಡಾಕ್ಟರ್. ಆ ಮಾತನ್ನು ಇಂಗ್ಲಿಷಿನಲ್ಲಿ ಬರೆಸಿ, ಕಟ್ಟು ಹಾಕಿಸಿ, ತನ್ನ ಆಸ್ಪತ್ರೆಯ ಗೋಡೆಗೆ ತೂಗುಹಾಕಿದ್ದಾನಂತೆ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ ಎಂದು ನಾನು ಎಲ್ಲಿ ಬೇಕಾದರೂ ಸಾಕ್ಷಿ ಹೇಳುತ್ತೇನೆ.